ಕೆಟ್ಟಿತೋ, ಕೆಡಿಸಿದರೋ?

ಕನ್ನಡದಲ್ಲಿ ‘ಕೆಡು’ ಎಂಬುದೊಂದು ಕ್ರಿಯಾಪದ. ‘ಕೆಡಿಸು’ ಎಂಬುದು ಅದರ ಪ್ರೇರಣಾರ್ಥಕ ರೂಪ. ಹಾಲು ಕೆಡುತ್ತದೆ, ಗಡಿಯಾರ ಕೆಡುತ್ತದೆ, ಆರೋಗ್ಯ ಕೆಡುತ್ತದೆ. ಇವುಗಳ ಹಿಂದೆ ಯಾರೋ ಒಬ್ಬರು ಇರಲೇಬೇಕೆಂದಿಲ್ಲ. ಕೆಡಿಸುವುದಕ್ಕಾದರೋ ಕರ್ತೃವೊಬ್ಬ ಬೇಕು. ಈ ಎರಡು ಪದಗಳ ಅಂತರ ವ್ಯಾಕರಣದಲ್ಲಿ ಒಂದು ಪ್ರತ್ಯಯದಷ್ಟು ಮಾತ್ರ. ಆದರೆ ಮನೆಯೊಳಗೆ ಒಂದು ವಸ್ತು ಕೆಲಸ ನಿಲ್ಲಿಸಿದ ಗಳಿಗೆಯಲ್ಲಿ ನಾವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಆರಿಸಿಕೊಂಡರೆ ಒಂದು ಜೀವಕ್ಕೆ ಗಾಯವಾಗಬಹುದು.

ಇದನ್ನು ಒಂದು ಸಾಮಾನ್ಯ ಉದಾಹರಣೆಯಿಂದ ನೋಡೋಣ. ಮಸಾಜ್ ಕುರ್ಚಿ ಹೊಸ ವಸ್ತುವೇನಲ್ಲ. 1954ರಲ್ಲಿ ಜಪಾನಿನ ಒಸಾಕಾದಲ್ಲಿ ಅದರ ತಯಾರಿಕೆ ಆರಂಭವಾಯಿತು. ಅಲ್ಲಿನ ಸಾರ್ವಜನಿಕ ಸ್ನಾನಗೃಹಗಳಿಗೆ ಬರುತ್ತಿದ್ದವರ ದಣಿದ ಬೆನ್ನಿಗೆ ಅದು ವಿಶ್ರಾಂತಿ ನೀಡುತ್ತಿತ್ತು. ಇಂದು ನಮ್ಮ ನಾಡಿನ ಮನೆಗಳಿಗೂ ಅದು ಬಂದಿದೆ. ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವ ಮಕ್ಕಳು ತಾಯಿಯ ಬೆನ್ನುನೋವಿಗೆಂದು ಪ್ರೀತಿಯಿಂದ ಕೊಡಿಸುತ್ತಾರೆ. ಒಂದು ದಿನ ಅದರ ರಿಮೋಟ್ ಸ್ಪಂದಿಸುವುದಿಲ್ಲ. ತಾಯಿ ಅಳುಕುತ್ತಲೇ ಫೋನಿನಲ್ಲಿ ವಿಷಯ ತಿಳಿಸುತ್ತಾರೆ. ಅತ್ತ ಕಡೆಯಿಂದ ಬರುವ ಮೊದಲ ಮಾತು: “ನೀವೇ ಏನೋ ಒತ್ತಿ ಕೆಡಿಸಿದ್ದೀರಮ್ಮ.” ಮಗನಿಗೆ ದುರುದ್ದೇಶವಿಲ್ಲ, ಕೆಲಸದ ಒತ್ತಡದಲ್ಲಿ ಬಂದ ಮಾತದು. ಆದರೆ ರಿಮೋಟ್ ಸರಿಹೋದ ಮೇಲೂ ಆ ತಾಯಿ ಕುರ್ಚಿಯಲ್ಲಿ ಕುಳಿತುಕೊಳ್ಳದೇ ಹೋದರೆ ಆಶ್ಚರ್ಯವೇನು?

ಇಲ್ಲಿ ನಡೆದದ್ದಾದರೂ ಏನು? ವಿಚಾರಣೆಗೆ ಮೊದಲೇ ತೀರ್ಪು ಹೊರಬಿತ್ತು. ಬಲ್ಲ ದುರಸ್ತಿಗಾರ ಹೀಗೆ ಮಾಡುವುದಿಲ್ಲ. ಅವನು ಮೊದಲು ಗೋಡೆಯ ಪ್ಲಗ್ಗಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡುತ್ತಾನೆ. ಅನೇಕ ಕುರ್ಚಿಗಳ ಹಿಂಬದಿಯಲ್ಲಿ, ನೆಲ ಒರೆಸುವಾಗ ಕೈತಗುಲಿ ಆರಿಹೋಗಬಹುದಾದ ಮುಖ್ಯ ಸ್ವಿಚ್ಚೊಂದಿರುತ್ತದೆ. ಕೆಲವದರಲ್ಲಿ ಪಕ್ಕದಲ್ಲೇ ಫ್ಯೂಸ್ ಕೂಡ ಇರುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಾದ ಮೇಲೆ ಕುರ್ಚಿ ತಾನಾಗಿಯೇ ನಿಲ್ಲುವಂತೆ ಸಾಮಾನ್ಯವಾಗಿ ವ್ಯವಸ್ಥೆ ಇರುತ್ತದೆ. ಮೋಟಾರು ಹೆಚ್ಚು ಬಿಸಿಯಾದರೆ ತಣಿಯುವವರೆಗೂ ಕೆಲಸ ಮಾಡದಂತೆ ತಡೆಯುವ ರಕ್ಷಣೆಯೂ ಹಲವು ಕುರ್ಚಿಗಳಲ್ಲಿದೆ. ಅಂಥ ಸಂದರ್ಭದಲ್ಲಿ ಕೆಟ್ಟದ್ದು ಏನೂ ಇಲ್ಲ. ಯಂತ್ರ ತನ್ನ ಕರ್ತವ್ಯವನ್ನೇ ಮಾಡುತ್ತಿದೆ.

ನಂತರ ಅವನು ರಿಮೋಟನ್ನು ಕೈಗೆತ್ತಿಕೊಳ್ಳುತ್ತಾನೆ. ಅದು ತಂತಿಯಿಂದ ಜೋಡಿಸಿದ್ದಾದರೆ, ಕುರ್ಚಿ ಹಿಂದಕ್ಕೆ ಬಾಗುವಾಗ ತಂತಿ ಸಿಕ್ಕಿಕೊಂಡಿದೆಯೇ, ಅದರ ತುದಿ ಸಡಿಲಗೊಂಡಿದೆಯೇ ಎಂದು ಪರೀಕ್ಷಿಸುತ್ತಾನೆ. ವಿದ್ಯುತ್ ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಕೊಟ್ಟರೆ ಎಷ್ಟೋ ಸಲ ಅದು ಚೇತರಿಸಿಕೊಳ್ಳುತ್ತದೆ. ತಂತಿರಹಿತವಾದುದಾದರೆ ಸೆಲ್ಲುಗಳನ್ನು ತೆಗೆದು ನೋಡುತ್ತಾನೆ. ಆಲ್ಕಲೈನ್ ಸೆಲ್ಲುಗಳು ಸೋರಿದಾಗ ಲೋಹದ ಪಟ್ಟಿಗಳ ಮೇಲೆ ಬಿಳಿಯ ಪುಡಿ ಕಟ್ಟಿಕೊಳ್ಳುತ್ತದೆ. ಅದನ್ನು ಬರಿಗೈಯಿಂದ ಮುಟ್ಟದೆ, ನಿಂಬೆರಸ ಅಥವಾ ವಿನೆಗರ್ ತುಸುವೇ ಸೋಕಿಸಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಹೊಸ ಸೆಲ್ಲುಗಳನ್ನು ಜೋಡಿಯಾಗಿಯೇ ಹಾಕಬೇಕು. ರಿಮೋಟ್ ಅವಕೆಂಪು ಕಿರಣ ಸೂಸುವ ಬಗೆಯದಾದರೆ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ ನೋಡಬಹುದು. ಬರಿಗಣ್ಣಿಗೆ ಕಾಣದ ಬೆಳಕು ಹಲವು ಕ್ಯಾಮೆರಾಗಳಲ್ಲಿ ಮಿನುಗುತ್ತದೆ. ಮಿನುಗಿದರೆ ಅದು ತನ್ನ ಮಾತನ್ನು ಆಡುತ್ತಿದೆ, ಕೇಳಿಸಿಕೊಳ್ಳಬೇಕಾದ ಕುರ್ಚಿಯ ಕಡೆಯಲ್ಲೇ ತೊಡಕಿರಬಹುದು ಎಂದರ್ಥ. ಕೆಲವೊಮ್ಮೆ ಗುಂಡಿಗಳ ಕೆಳಗಿನ ರಬ್ಬರಿಗೆ ಎಣ್ಣೆ, ಬೆವರು, ಪೌಡರು ಅಂಟಿರುತ್ತದೆ. ಇಷ್ಟಾದರೂ ಆಗದಿದ್ದರೆ, ಅಥವಾ ಸುಟ್ಟ ವಾಸನೆ ಬಂದರೆ, ಪ್ಲಗ್ ಕಿತ್ತು ತಜ್ಞರನ್ನು ಕರೆಯುವುದೇ ವಿವೇಕ.

ಈ ಕ್ರಮದಲ್ಲಿ ಒಂದು ನೀತಿಯೇ ಅಡಗಿದೆ. ಅವನು ಸರಳವಾದುದರಿಂದ ಆರಂಭಿಸಿ ಕಠಿಣವಾದುದಕ್ಕೆ ಹೋಗುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ. ಮತ್ತೆ ಸರಿಪಡಿಸಲಾಗದಂಥದ್ದನ್ನು ಮೊದಲೇ ಮಾಡಿಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕುರ್ಚಿಯಲ್ಲಿ ಕುಳಿತಿದ್ದವರ ಮಾತನ್ನು ಸಾಕ್ಷ್ಯವೆಂದು ಕೇಳುತ್ತಾನೆ. “ನಿಲ್ಲುವ ಮೊದಲು ಸದ್ದು ಬಂತೇ? ದೀಪ ಹತ್ತಿತ್ತೇ?” ಎಂಬ ಪ್ರಶ್ನೆಗೆ ಉತ್ತರಿಸಬಲ್ಲವರು ಆ ತಾಯಿಯೊಬ್ಬರೇ. ಅವರನ್ನು ಆರೋಪಿಯಾಗಿಸಿದ ಕ್ಷಣವೇ ನಾವು ಏಕೈಕ ಸಾಕ್ಷಿಯನ್ನು ಕಳೆದುಕೊಳ್ಳುತ್ತೇವೆ.

ರಿಮೋಟಿನ ಚರಿತ್ರೆಯಲ್ಲೇ ಇದಕ್ಕೊಂದು ದೃಷ್ಟಾಂತವಿದೆ. 1955ರಲ್ಲಿ ಅಮೆರಿಕದ ಝೆನಿತ್ ಸಂಸ್ಥೆಯ ಯೂಜೀನ್ ಪಾಲಿ ಎಂಬ ಎಂಜಿನಿಯರ್ ಬೆಳಕಿನಿಂದ ಕೆಲಸ ಮಾಡುವ ಟಿವಿ ರಿಮೋಟನ್ನು ರೂಪಿಸಿದರು. ಟಿವಿಯ ಮೂಲೆಗಳಲ್ಲಿದ್ದ ಬೆಳಕು ಗ್ರಹಿಸುವ ಸಾಧನಗಳ ಮೇಲೆ ಬಿಸಿಲು ಬಿದ್ದರೂ ಚಾನೆಲ್ ತಾನೇ ಬದಲಾಗಿಬಿಡುತ್ತಿತ್ತು. ಅಂಥ ಮನೆಯಲ್ಲಿ “ಯಾರು ಬದಲಿಸಿದ್ದು?” ಎಂದು ಗದರಿಸಿದರೆ ಉತ್ತರ ಎಲ್ಲಿಂದ ಬರಬೇಕು? ಮಾಡಿದ್ದು ಕಿಟಕಿಯಿಂದ ಬಂದ ಬಿಸಿಲು. ಮರುವರ್ಷವೇ ರಾಬರ್ಟ್ ಆಡ್ಲರ್ ಕಿವಿಗೆ ಕೇಳಿಸದ ಶಬ್ದತರಂಗದಿಂದ ನಡೆಯುವ ರಿಮೋಟನ್ನು ತಂದರು. ತಪ್ಪಿತಸ್ಥನನ್ನು ಹುಡುಕದೆ ಕಾರಣವನ್ನು ಹುಡುಕಿದ್ದರಿಂದಲೇ ಅದು ಸಾಧ್ಯವಾಯಿತು.

ಹಾಗಾದರೆ ಯಾರೂ ಯಾವುದಕ್ಕೂ ಹೊಣೆಗಾರರಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಮಗು ರಿಮೋಟನ್ನು ನೀರಿಗೆ ಹಾಕಿರಬಹುದು. ಬಿಡಿಭಾಗವೊಂದು ಸಿಗದೆ ಇಡೀ ಕುರ್ಚಿಯನ್ನೇ ಬದಲಿಸಬೇಕಾದ ಸ್ಥಿತಿ ತಂದೊಡ್ಡುವ ತಯಾರಕರೂ ಇರಬಹುದು. ದುರಸ್ತಿ ಗ್ರಾಹಕನ ಹಕ್ಕು ಎಂಬ ವಿಚಾರಕ್ಕೆ ಮನ್ನಣೆ ನೀಡಿ ಭಾರತ ಸರ್ಕಾರ 2022ರಲ್ಲಿ ಅದಕ್ಕಾಗಿಯೇ ಒಂದು ಜಾಲತಾಣವನ್ನು ತೆರೆದದ್ದು ಇಂಥ ಹೊಣೆಗಾರಿಕೆಯನ್ನು ನೆನಪಿಸಲೆಂದೇ. ಹೊಣೆ ಇದೆ; ಆದರೆ ಅದು ಕಾರಣ ತಿಳಿದ ಮೇಲೆ ಬರಬೇಕಾದ ಮಾತು. ಮೊದಲು ‘ಏನು’, ಆಮೇಲೆ ‘ಯಾರು’. ಈ ಕ್ರಮ ತಿರುವುಮುರುವಾದಾಗ ಹೊಣೆ ಬಲಶಾಲಿಯ ಹೆಗಲನ್ನು ಮುಟ್ಟುವುದೇ ಇಲ್ಲ. ಕೈಗೆ ಹತ್ತಿರವಿರುವ ದುರ್ಬಲರ ಮೇಲೆ ಬೀಳುತ್ತದೆ. ಮುದುಕರು, ಮಕ್ಕಳು, ಮನೆಕೆಲಸಕ್ಕೆ ಬರುವವರು, ಇವರೇ ನಮ್ಮ ಮನೆಗಳ ಸುಲಭ ಆರೋಪಿಗಳಲ್ಲವೇ?

ಇದಕ್ಕಿಂತ ಗಂಭೀರವಾದ ಪರಿಣಾಮ ಇನ್ನೊಂದಿದೆ. ‘ಯಾರು ಕೆಡಿಸಿದ್ದು?’ ಎಂಬ ಪ್ರಶ್ನೆ ಮೊದಲು ಕೇಳಿಬರುವ ಮನೆಯಲ್ಲಿ ಜನ ಮುಚ್ಚಿಡಲು ಕಲಿಯುತ್ತಾರೆ. ತಂತಿ ಬಿಸಿಯಾಗುತ್ತಿದ್ದರೂ ಅಜ್ಜಿ ಹೇಳುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಅಜ್ಜ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಅನುತ್ತೀರ್ಣನಾದದ್ದನ್ನು ಮೊಮ್ಮಗ ಹೇಳುವುದಿಲ್ಲ. ರಿಮೋಟಿನ ವಿಷಯದಲ್ಲಿ ಕಲಿತ ಭಯ ರಿಮೋಟಿನಲ್ಲಿಯೇ ನಿಲ್ಲುವುದಿಲ್ಲ.

ಹೋಲಿಕೆಗೂ ಒಂದು ಮಿತಿಯಿದೆ ಎಂಬುದನ್ನು ಮರೆಯಬಾರದು. ಯಂತ್ರಕ್ಕೆ ಸರಿಯಾದ ಗುಂಡಿ ಒತ್ತಿದರೆ ಸಾಕು. ಮನುಷ್ಯರು ಹಾಗಲ್ಲ. ಮಾತು ನಿಲ್ಲಿಸಿದ ತಾಯಿಯನ್ನು ಮತ್ತೆ ‘ಚಾಲೂ’ ಮಾಡುವ ಗುಂಡಿ ಎಲ್ಲಿಯೂ ಇಲ್ಲ. ಅಲ್ಲಿ ಬೇಕಾದದ್ದು ಕ್ಷಮೆ ಕೇಳುವ ಧೈರ್ಯ, ಕಾಯುವ ತಾಳ್ಮೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ. ಆದುದರಿಂದ ವಸ್ತುಗಳ ವಿಷಯದಲ್ಲಿ ತೋರುವ ತಾಳ್ಮೆ ಒಂದು ಸಣ್ಣ ಅಭ್ಯಾಸವಷ್ಟೇ; ಅದು ನಮ್ಮನ್ನು ದೊಡ್ಡದಕ್ಕೆ ಸಿದ್ಧಗೊಳಿಸುತ್ತದೆ.

ಮುಂದಿನ ಬಾರಿ ದೂರದ ಮನೆಯಿಂದ “ಇದು ಕೆಲಸ ಮಾಡುತ್ತಿಲ್ಲ ಮಗಾ” ಎಂಬ ಅಳುಕಿನ ದನಿ ಕೇಳಿಬಂದಾಗ ಮೊದಲು “ನಿಮಗೇನೂ ನೋವಾಗಲಿಲ್ಲ ತಾನೇ?” ಎಂದು ಕೇಳೋಣ. ಕುರ್ಚಿ ಬಾಗಿದ ಸ್ಥಿತಿಯಲ್ಲೇ ನಿಂತಿದ್ದರೆ ಅವರು ಅದರಿಂದ ಏಳಲು ಕಷ್ಟಪಟ್ಟಿರಬಹುದು. ಆಮೇಲೆ ಪ್ಲಗ್ಗು, ಸ್ವಿಚ್ಚು, ತಂತಿ, ಸೆಲ್ಲುಗಳನ್ನು ಒಂದೊಂದಾಗಿ ಅವರ ಜೊತೆಯಲ್ಲೇ ಪರೀಕ್ಷಿಸೋಣ. ಹತ್ತು ನಿಮಿಷ ಹಿಡಿಯಬಹುದು. ರಿಮೋಟ್ ಸರಿಹೋಗಬಹುದು, ಹೋಗದಿರಲೂಬಹುದು. ಏನೇ ಆದರೂ ಆ ಕುರ್ಚಿ ಯಾರಿಗಾಗಿ ಮನೆಗೆ ಬಂತೋ ಅವರು ಮತ್ತೆ ಅಳುಕಿಲ್ಲದೆ ಅದರಲ್ಲಿ ಕುಳಿತುಕೊಳ್ಳುವಂತಾಗಬೇಕು.