ಪರೀಕ್ಷಕನ ಪರೀಕ್ಷೆ

ಉದ್ಯೋಗವನ್ನರಸಿ ಬಂದ ತರುಣನೊಬ್ಬನನ್ನು ಸಂಸ್ಥೆಯೊಂದರ ಮುಖ್ಯಾಧಿಕಾರಿಯು ಸಂದರ್ಶನಕ್ಕೆ ಕರೆಸಿದನು. ಗೊತ್ತುಮಾಡಿದ ವೇಳೆ ಮೀರಿ ಎರಡು ಗಂಟೆ ಹೊರಗೆ ಕಾಯಿಸಿದನು. ಒಳಗೆ ಬಂದವನಿಗೆ ಕುಳಿತುಕೊಳ್ಳಲು ಹೇಳಲಿಲ್ಲ. ಅರ್ಜಿಯ ಮೇಲೆ ಕಣ್ಣಾಡಿಸಿ, “ನಿಮ್ಮ ಹಳ್ಳಿಯ ಶಾಲೆಯಲ್ಲಿ ಇಷ್ಟನ್ನೇ ಕಲಿಸಿದರೇನು?” ಎಂದು ನಕ್ಕನು. ತರುಣನು ಉತ್ತರಿಸುತ್ತಿರುವಾಗಲೇ ದೂರವಾಣಿಯಲ್ಲಿ ಬೇರೊಬ್ಬರೊಡನೆ ಮಾತಿಗೆ ತೊಡಗಿದನು. ಕೆಲಸ ದೊರೆಯದ ದುಃಖಕ್ಕಿಂತ, ತಾನು ಅಲ್ಪನೆಂಬ ಭಾವನೆಯೇ ಆ ತರುಣನನ್ನು ಮನೆಯವರೆಗೂ ಹಿಂಬಾಲಿಸಿತು.

ಇಲ್ಲಿ ಏಳುವ ಪ್ರಶ್ನೆಯೊಂದುಂಟು. ಪರೀಕ್ಷಿಸುವ ಅಧಿಕಾರದೊಳಗೆ ಅವಮಾನಿಸುವ ಅಧಿಕಾರವೂ ಅಡಗಿದೆಯೇ?

ಕಠಿಣವಾಗಿ ಕೇಳದೆ ಯೋಗ್ಯತೆಯು ತಿಳಿಯದೆಂದು ಕೆಲವರು ವಾದಿಸುವರು. ಅದು ದಿಟವೇ. ಶರಣರೂ ಕಠಿಣವಾಗಿ ಕೇಳಿದರು. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ, ಆಕೆಯ ಪತಿ ಯಾರೆಂದು, ಸೀರೆಯನ್ನುಳಿದವಳು ಕೂದಲಿನಿಂದ ಮೈ ಮರೆಸಿದುದೇಕೆಂದು ಅಲ್ಲಮಪ್ರಭುದೇವರು ಪ್ರಶ್ನಿಸಿದುದನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ತುಂಬಿದ ಸಭೆಯಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆ ಯಾವುದು? ಆದರೆ ಪ್ರಭುದೇವರು ಪ್ರತಿಯೊಂದು ಉತ್ತರವನ್ನೂ ಪೂರ್ಣವಾಗಿ ಆಲಿಸಿದರು. ಆಕೆಯ ನಿಲುವು ಸಭೆಗೆಲ್ಲ ವೇದ್ಯವಾಗುವಂತೆ ಮಾಡಿದರು. ಕೊನೆಗೆ ತಾವೇ ಅದನ್ನು ಕೊಂಡಾಡಿದರು. ಆ ಪ್ರಶ್ನೆಗಳು ಉತ್ತರಿಸಿದವಳ ಹಿರಿಮೆಯನ್ನು ಬೆಳಗಿದವು. ಅಧಿಕಾರಿಯ ಪ್ರಶ್ನೆಯಾದರೋ ಕೇಳಿದವನ ಕಿರಿತನವನ್ನೇ ಬಯಲುಮಾಡಿತು.

ಪೀಠವು ತನ್ನದೆಂದು ಬಗೆದುದೇ ಈ ದೋಷಕ್ಕೆ ಮೂಲ. ಯೋಗ್ಯರನ್ನು ಆರಿಸುವುದೂ ಒಂದು ಕಾಯಕ. ಬೇಡಲು ಬಂದವನಿಗೆ ಕೊಡುವ ಭಿಕ್ಷೆಯಲ್ಲ ಅದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಕೀಲಿಕೈ ಅವರ ಕೈಯಲ್ಲಿದ್ದರೂ ಬಂದ ಶರಣರೆದುರು ತಲೆ ಬಾಗುತ್ತಲೇ ಇತ್ತು.

ತರುಣನೂ ಅರಿಯಬೇಕಾದುದೊಂದುಂಟು. ಅನ್ಯಾಯವನ್ನು ಅನ್ಯಾಯವೆಂದು ತಿಳಿಯುವುದು ತಪ್ಪಲ್ಲ. ಆದರೆ ಅಧಿಕಾರಿಯ ಅಳತೆಯನ್ನೇ ತನ್ನ ತೂಕವೆಂದು ನಂಬಲಾಗದು. ತಕ್ಕಡಿಯ ದೋಷಕ್ಕೆ ಧಾನ್ಯವು ಹೊಣೆಯಲ್ಲ. ನಾಳೆ ಅದೇ ಪೀಠವು ಅವನದಾದಾಗ, ಹೊರಗೆ ಕಾದು ಕುಳಿತ ಆ ಎರಡು ಗಂಟೆಗಳು ಅವನ ನೆನಪಿನಲ್ಲಿರಬೇಕು.

ಈ ಪೀಠವು ಕಚೇರಿಯಲ್ಲಿ ಮಾತ್ರವೇ ಇರುವುದೆಂದು ಯಾರೂ ತಿಳಿಯಬಾರದು. ಕೂಲಿ ಕೇಳಿ ಬಂದವನನ್ನು ಬಿಸಿಲಿನಲ್ಲಿ ನಿಲ್ಲಿಸಿ, ಜಗಲಿಯ ಮೇಲಿನಿಂದಲೇ ಅವನ ಕುಲವನ್ನೂ ಬಲವನ್ನೂ ವಿಚಾರಿಸುವ ಗೃಹಸ್ಥನೂ ಅಲ್ಲಿಯೇ ಕುಳಿತಿರುವನು. ಬಂದವನ ಯೋಗ್ಯತೆಯನ್ನು ಅಳೆಯುವ ಆ ಗಳಿಗೆಯಲ್ಲಿ ಕುಳಿತವನ ಭಕ್ತಿಯೂ ಅಳೆಯಲ್ಪಡುತ್ತಿರುವುದು.