ಪರದೆಯ ಹಿಂದಿನ ದಾಳ

ಹೋದ ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಜಮಖಂಡಿಗೆ ಬಂದ ನಮ್ಮ ಭಾವನವರ ಮಗ ಒಂದು ಹೊಸ ನಮೂನೆಯ ಆಟ ತಂದಿದ್ದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಅದರ ಹೆಸರು. 1974ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಕುಳಿತು, ‘ನಾನು ಹೀಗೆ ಮಾಡುತ್ತೇನೆ’ ಎಂದು ಹೇಳುತ್ತ ಹೋಗಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ಗೆಲುವು. ಕಥೆ ನಡೆಸುವವನು ಮಾತ್ರ ತನ್ನ ಮುಂದೆ ರಟ್ಟಿನ ಪರದೆಯೊಂದನ್ನು ನಿಲ್ಲಿಸಿಕೊಂಡು ಅದರ ಮರೆಯಲ್ಲಿ ದಾಳ ಉರುಳಿಸುತ್ತಾನೆ.

ಆಡಲು ಕುಳಿತವರು ನಾಲ್ವರು. ಎಂಬತ್ತು ದಾಟಿದ ನಮ್ಮ ಅತ್ತೆ, ಬನಹಟ್ಟಿಯ ನೇಕಾರರ ಮನೆಯಿಂದ ಬಂದ ನನ್ನ ನೆಗೆಣ್ಣಿ, ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿ, ಮತ್ತು ನಾನು. ಮೊದಲ ಸಂಜೆ ಏನೂ ನಡೆಯಲಿಲ್ಲ. ಗುಹೆ, ಖಡ್ಗ, ಗವಿಯೊಳಗಿನ ಕುಳ್ಳ ರಾಕ್ಷಸರು. ನೆಗೆಣ್ಣಿ ಕೇಳಿಯೇಬಿಟ್ಟಳು: “ಅವು ತಮ್ಮ ಪಾಡಿಗೆ ತಾವು ಗವ್ಯಾಗ ಅದಾವು. ನಾವ್ಯಾಕ ಹೋಗಿ ಹೊಡೀಬೇಕಪಾ? ನಮಗೇನ ಮಾಡ್ಯಾವು?” ಹುಡುಗನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲವೆನ್ನಿ.

ಜಾಣ ಹುಡುಗ. ಮರುದಿನ ಇಡೀ ಆಟವನ್ನೇ ನಮ್ಮ ಕಡೆಗೆ ತಿರುಗಿಸಿದ. ನದಿ ದಂಡೆಯ ಒಂದು ಊರು. ರಾಜ ಕೆಳಗೆ ಒಡ್ಡು ಕಟ್ಟಿಸುತ್ತಿದ್ದಾನೆ, ನೀರು ಏರುತ್ತಿದೆ. ನೆಗೆಣ್ಣಿ ಸಾಲದಲ್ಲಿ ಬಿದ್ದ ನೇಕಾರಳಾದಳು, ಅತ್ತೆ ಊರ ಹಿರಿಯಳಾದರು, ನನಗೆ ಶಾಲೆಯೇ ಗಂಟುಬಿತ್ತು. ಹುಡುಗಿ ಮನುಷ್ಯಳಾಗಲು ಒಪ್ಪದೆ ಮುಧೋಳ ನಾಯಿಯಾಗುತ್ತೇನೆಂದು ಹಟ ಹಿಡಿದಳು. ಅದಕ್ಕೂ ನಿಯಮ ಹುಡುಕಿಕೊಟ್ಟ. ಆ ರಾತ್ರಿ ಹನ್ನೊಂದಾದರೂ ಯಾರೂ ಏಳಲಿಲ್ಲ.

ಹೀಗೆ ತಿದ್ದಿಕೊಳ್ಳುವುದು ನಮಗೇನು ಹೊಸದಲ್ಲ. ನೆಲಕ್ಕೆ ಮನೆ ಗೀಚಿ ಆಡುವ ಚಕ್ಕಾದಲ್ಲಿ, ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬುದು ಅತ್ತೆಯ ತವರಿನ ಕಟ್ಟಳೆ. ಮಕ್ಕಳು ಸಣ್ಣವರಿದ್ದಾಗ ಅದನ್ನು ಅವರೇ ಸಡಿಲಿಸಿದ್ದರು. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ನಮ್ಮ ಸೀಮೆಯ ಬಯಲಾಟವಾಗಿ ಹೊಂದಿಸಿದ. ಊರೂರಿಗೆ ದೂತಿಯ ಮಾತು ಬೇರೆ, ಚೇಷ್ಟೆ ಬೇರೆ. ಸತ್ಯಭಾಮೆ ನಮ್ಮ ಓಣಿಯ ಹೆಣ್ಣಿನಂತೆಯೇ ಸಿಡುಕುತ್ತಾಳೆ. ಆದರೆ ಮುಂದೆ ಕುಳಿತ ಹೆಂಗಸರು ಎಷ್ಟು ಮರುಗಿದರೂ ಅವಳ ಗರ್ವಭಂಗವನ್ನು ತಪ್ಪಿಸಿದ ಮೇಳವನ್ನು ನಾನಂತೂ ಕಂಡಿಲ್ಲ.

ಎರಡನೆಯ ಸಂಜೆಯ ಕೊನೆಗೆ ನೀರು ಅತ್ತೆಯ ಮನೆಯ ಹತ್ತಿರ ಬಂತು. ಹೊಸ್ತಿಲು ದಾಟುತ್ತದೆಯೋ ಇಲ್ಲವೋ? ಹದಿನೈದರ ಮೇಲೆ ಬೀಳಬೇಕು. ಹುಡುಗ ಪರದೆಯ ಹಿಂದೆ ದಾಳ ಉರುಳಿಸಿ, ಅಜ್ಜಿಯ ಮುಖವನ್ನೊಮ್ಮೆ ನೋಡಿ, “ಹದಿನೆಂಟು! ನೀರು ಹೊಸ್ತಿಲದಾಗ ನಿಂತತಿ ಆಯೀ” ಎಂದ. ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ. ಬಿದ್ದದ್ದು ಮೂರು. ನಾನೂ ಸುಮ್ಮನಿದ್ದೆ.

ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ. “ಆಟ ಇರೂದ ಆಡವರ ಖುಷಿಗೆ, ಕಾಕು. ನಡಸಾಂವಗ ನಿಯಮ ಬದಲ ಮಾಡೂ ಹಕ್ಕು ಪುಸ್ತಕದಾಗ ಕೊಟ್ಟಾರ” ಎಂದ. ಸುಳ್ಳೇನಲ್ಲ. ರಾಕ್ಷಸರನ್ನು ತೆಗೆದು ನೇಕಾರಳನ್ನು ತಂದಾಗ ಮೆಚ್ಚಿದವಳು, ಮೂರನ್ನು ಹದಿನೆಂಟು ಮಾಡಿದಾಗ ಯಾಕೆ ಮುಖ ಸಣ್ಣ ಮಾಡಬೇಕು? ಎರಡೂ ಆಡುವವರಿಗಾಗಿ ಮಾಡಿದ್ದೇ. ಹಲ್ಲಿಲ್ಲದವರಿಗೆ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತೇವಲ್ಲ, ಇದೂ ಹಾಗೆಯೇ ಎಂದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ನೆನೆಸಿದ್ದು ರೊಟ್ಟಿಯೇ, ಮತ್ತು ತಿನ್ನುವವರ ಕಣ್ಣೆದುರಿಗೇ ನೆನೆಸುತ್ತೇವೆ.

ಬೆಳಿಗ್ಗೆ ಸೊಪ್ಪು ಸೋಸುತ್ತ ಅತ್ತೆಯೇ ಕೇಳಿದರು: “ನಿನ್ನೆ ದಾಳದಾಗ ಎಷ್ಟ ಬಿದ್ದಿತ್ತು?”

“ಮೂರು ರೀ, ಅತ್ತಿ.”

ಅವರ ತವರು ಬೀಳಗಿ ತಾಲ್ಲೂಕಿನ ನದಿ ದಂಡೆಯ ಹಳ್ಳಿ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಸಮರ್ಪಿಸಿದ್ದು 2006ರಲ್ಲಿ. ಅಷ್ಟರಲ್ಲಿ ಹಳೆಯ ಬಾಗಲಕೋಟೆಯ ಓಣಿಗಳ ಜೊತೆ ಬೀಳಗಿ ಸೀಮೆಯ ಎಷ್ಟೋ ಊರುಗಳೂ ಮುಳುಗಡೆಯಾಗಿ, ಜನ ಪುನರ್ವಸತಿ ಕೇಂದ್ರ ಸೇರಿದರು. 519.60 ಮೀಟರಿನವರೆಗೆ ನಿಲ್ಲುವ ನೀರನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ, ಉಳಿದ ದಂಡೆಯ ಊರವರೂ ಅಂಕಿ ಎಣಿಸುತ್ತ ಕುಳಿತಿದ್ದಾರೆ.

“ನಿಮ್ಮ ಮಾವನೂ ಹಿಂಗ ಹೇಳಿದ್ರು” ಎಂದರು ಅತ್ತೆ. “ನಿಮ್ಮ ಮನೀತನಕ ನೀರು ಬರಂಗಿಲ್ಲ, ಚಿಂತಿ ಬಿಡು ಅಂತ. ನಾನು ಅತ್ತೇನು ಅಂತ ಅಂಜಿ ಹೇಳಿದ್ರು. ನಂಬಿ ಕುಂತೆ. ಕಡೀಕೊಮ್ಮೆ ಹೋಗಿ ಮನಿ ನೋಡಿ ಬರೂದೂ ಆಗಲಿಲ್ಲ. ಅವ್ವನ ಬೀಸುಕಲ್ಲು ಅಲ್ಲೇ ಉಳೀತು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಾವನವರು ಒಳ್ಳೆಯವರು; ನನಗೂ ಗೊತ್ತು. ಅತ್ತೆಗೆ ಇಷ್ಟವಾದದ್ದು ಏನು ಎಂದು ಅವರು ಬಲ್ಲವರೇ. ಆದರೆ ಇಷ್ಟವನ್ನು ಕೇಳಿ ತಿಳಿಯುವುದು ಒಂದು, ಇವಳಿಗೆ ಇಷ್ಟನ್ನು ತಾಳುವ ಶಕ್ತಿಯಿಲ್ಲ ಎಂದು ನಾವೇ ತೀರ್ಮಾನಿಸುವುದು ಇನ್ನೊಂದು. ಎರಡಕ್ಕೂ ನಾವು ಪ್ರೀತಿಯೆಂದೇ ಹೆಸರಿಡುತ್ತೇವೆ, ಅದರಲ್ಲೂ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ.

ಯಾರನ್ನು ಬೈಯಲಿ? ಒಂಬತ್ತನೆಯ ತರಗತಿಯಲ್ಲಿ ಓದಲು ಬಾರದ ಹುಡುಗಿಯೊಬ್ಬಳಿಗೆ, ನಪಾಸಾದರೆ ಶಾಲೆ ಬಿಡಿಸುತ್ತಾರೆಂದು ಅಂಜಿ, ಒಂದು ವರ್ಷ ನಾನೇ ಅಂಕ ತುಂಬಿ ಮುಂದೆ ಹಾಕಿದ್ದೆ. ಅವಳು ನಂಬಿದಳು, ತಂದೆಯೂ ನಂಬಿದ. ಹತ್ತನೆಯ ತರಗತಿಯ ಪರೀಕ್ಷೆ ನಾನು ತಿದ್ದುವುದಲ್ಲವಲ್ಲ. ಫಲಿತಾಂಶದ ದಿನ ಅವಳು ಅತ್ತದ್ದಕ್ಕಿಂತ, “ನನಗ ಮೊದಲ ಯಾಕ ಹೇಳಲಿಲ್ಲ ಟೀಚರ್?” ಎಂದದ್ದು ಇನ್ನೂ ಕಿವಿಯಲ್ಲಿದೆ.

ಮೂರನೆಯ ಸಂಜೆ ಅತ್ತೆ ಒಂದು ಹಿತ್ತಾಳೆ ತಾಟು ತಂದು ನಡುವೆ ಇಟ್ಟರು. “ತಮ್ಮಾ, ಆ ರಟ್ಟು ತಗಿ. ನಿನ್ನಿನ ದಾಳ ಮತ್ತ ಹಾಕು, ಇದರಾಗ.”

ಹುಡುಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ದಾಳ ತಾಟಿನಲ್ಲಿ ಟಣಟಣ ಉರುಳಿ ಏಳಕ್ಕೆ ನಿಂತಿತು.

“ನೀರು ಒಳಗ ಬಂತು, ಆಯೀ” ಎಂದ, ಮೆಲ್ಲಗೆ.

“ಬರ್ಲಿ. ಎಷ್ಟೊತ್ತು ಐತಿ ನನಗ?”

ಅವನು ಸ್ವಲ್ಪ ಯೋಚಿಸಿ, “ಒಂದು ರಾತ್ರಿ” ಎಂದ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎಣಿಸತೊಡಗಿದರು. ಮೊದಲು ಬಾಗಿಲ ಚೌಕಟ್ಟು ಕೀಳಿಸಬೇಕು, ಅದು ಸಾಗವಾನಿಯದು. ಆಮೇಲೆ ಜಂತಿ, ದೇವರ ಮಾಡದ ಕಲ್ಲು, ಬೀಸುಕಲ್ಲು. ಬೀಸುಕಲ್ಲು ಎತ್ತಲು ಯಾರಿದ್ದಾರೆ? ನೇಕಾರಳು ಕೈ ಎತ್ತಿದಳು. ಮುಧೋಳ ನಾಯಿ, ತನ್ನ ಕೊರಳಿಗೆ ಹಗ್ಗ ಕಟ್ಟಿದರೆ ತಾನೂ ಎಳೆಯುತ್ತೇನೆಂದಿತು.