ಆರು ಸೆಕೆಂಡಿನ ಸುಖ

ಮೈಸೂರಿನ ನಂಜನಗೂಡು ರಸ್ತೆಯಲ್ಲಿ ಒಂದು ಕಾರ್ ಗ್ಯಾರೇಜು. ಭಾನುವಾರವಾದ್ದರಿಂದ ಶಟರ್ ಅರ್ಧಕ್ಕೆ ಇಳಿದಿದೆ. ತತ್ವಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದ ಶ್ರೀನಿವಾಸಮೂರ್ತಿಗಳ ಹಳೇ ಆಲ್ಟೊ ಲಿಫ್ಟಿನ ಮೇಲಿದೆ. ಕೆಳಗೆ ಗ್ಯಾರೇಜಿನ ಯಜಮಾನ ನಾಗರಾಜು. ಬೆಂಗಳೂರಿನಿಂದ ಬಂದಿರುವ, ಮೂರ್ತಿಗಳ ಸೋದರಳಿಯ ಪ್ರಸನ್ನ ಮೊಬೈಲಿನಲ್ಲಿ ಕಾರಿನ ಫೋಟೊ ತೋರಿಸುತ್ತಿದ್ದಾನೆ.

ಮೂರ್ತಿ: ಇದಕ್ಕಾ ಐವತ್ತು ಲಕ್ಷದ ಮೇಲೆ? ನೋಡೋಕೆ ನಮ್ಮ ಎದುರುಮನೆಯವರ ಗಾಡಿ ಇದ್ದಹಾಗೇ ಇದೆಯಲ್ಲೋ.

ಪ್ರಸನ್ನ: ಅದೇ ಅದರ ಮಜಾ ಮಾವ. ಗಾಲ್ಫ್ ಜಿಟಿಐ. ನೋಡಿದರೆ ಮನೆಮಂದಿಯೆಲ್ಲ ಕೂತು ಹೋಗೋ ಗಾಡಿ. ಹಿಂದಿನ ಬಾಗಿಲು ಎತ್ತಿದರೆ ತರಕಾರಿ, ಸೂಟ್‌ಕೇಸು ಎಲ್ಲ ಹಿಡಿಸುತ್ತೆ. ಒಳಗೆ ಮಾತ್ರ 265 ಹಾರ್ಸ್‌ಪವರ್. 2025ರ ಮೇನಲ್ಲಿ ಇಲ್ಲಿಗೆ ಬಂತು. ಮೊದಲ ಸಲ ತಂದ 150 ಗಾಡಿಯೂ ಬೆಲೆ ಹೇಳೋಕೆ ಮುಂಚೇನೇ ಬುಕ್ ಆಗಿಹೋಗಿತ್ತು.

ಮೂರ್ತಿ: ಬೆಲೆ ಕೇಳದೆ ದುಡ್ಡು ಕಟ್ಟೋವಷ್ಟು ಖಚಿತವಾದ ಆಸೆ 150 ಜನಕ್ಕೆ ಇದೆ ಅಂದರೆ ಅದನ್ನ ವಿಚಾರಿಸಲೇಬೇಕು. ನನ್ನ ಸರ್ವಿಸಿನಲ್ಲಿ ಅಂಥ ಖಚಿತತೆ ಯಾವ ವಿದ್ಯಾರ್ಥೀಲೂ ಕಂಡಿರಲಿಲ್ಲ.

ನಾಗರಾಜು: ಸಾರ್, ಶೋರೂಮ್ ಬೆಲೆ ಬಿಡಿ. 20 ಲಕ್ಷದ ಮೇಲಿನ ಗಾಡಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸೇ ಶೇ 18. ಒಂಬತ್ತು ಲಕ್ಷದ ಮೇಲೆ ಆರ್‌ಟಿಒಗೇ ಹೋಗುತ್ತೆ. ಆ ದುಡ್ಡಿಗೆ ಇನ್ನೊಂದು ಗಾಡಿ ಬರುತ್ತೆ.

ಮೂರ್ತಿ: ಲೆಕ್ಕ ಆಮೇಲೆ ನೋಡೋಣ ನಾಗರಾಜು. ಮೊದಲು ಆಸೆ ಏನು ಅಂತ ತಿಳೀಬೇಕು. ಪ್ರಸನ್ನ, ಸ್ಪೋರ್ಟ್ಸ್ ಕಾರೇ ತಗೋಬಹುದಲ್ಲ? ಎರಡು ಸೀಟು, ನೆಲಕ್ಕಂಟಿಕೊಂಡು ಹೋಗ್ತಾವಲ್ಲ, ಅಂಥವು.

ಪ್ರಸನ್ನ: ಅದು ಶೋಕಿ ಮಾವ. ಅಮ್ಮನ್ನ ಹತ್ತಿಸೋಕಾಗಲ್ಲ, ಮನೆ ಮುಂದಿನ ಹಂಪ್ ದಾಟಲ್ಲ, ರಸ್ತೇಲಿ ಹೋಗೋರೆಲ್ಲ ನೋಡ್ತಾರೆ. ಹಾಟ್ ಹ್ಯಾಚ್ ಅನ್ನೋ ಈ ಜಾತಿ ಹುಟ್ಟಿದ್ದೇ ಅದಕ್ಕೆ ಎದುರಾಗಿ. ಫೋಕ್ಸ್‌ವ್ಯಾಗನ್ ಕಂಪನಿ ಒಳಗೆ ನಾಲ್ಕಾರು ಜನ ಮೇಲಿನವರಿಗೆ ಹೇಳದೆ ಶುರುಮಾಡಿದ ಕೆಲಸ ಇದು. ಸಾಮಾನ್ಯ ಗಾಲ್ಫ್‌ಗೆ ಇಂಧನ ಇಂಜೆಕ್ಷನ್ ಇದ್ದ 1.6 ಲೀಟರ್ ಎಂಜಿನ್ ಕೂರಿಸಿ, 1975ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ತೋರಿಸಿದರು. 5,000 ಗಾಡಿ ಮಾರಿದರೆ ಸಾಕು ಅಂದುಕೊಂಡಿದ್ದರು. ಐವತ್ತು ವರ್ಷ ಆಯ್ತು, ಇನ್ನೂ ಮಾರ್ತಾ ಇದ್ದಾರೆ. ಮುಂದಿನ ಜಾಲರಿಗೆ ಒಂದು ಕೆಂಪು ಗೆರೆ, ಒಳಗೆ ಚೌಕಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನಂಥ ಗೇರ್ ಹಿಡಿ. ಆ ಸೀಟಿನ ಬಟ್ಟೆ, ಆ ಗೇರ್ ಹಿಡಿ ಎರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅನ್ನೋ ಹೆಣ್ಣುಮಗಳ ಯೋಚನೆ. ಶ್ರೀಮಂತರಿಗೇ ಮೀಸಲಾಗಿದ್ದ ವೇಗ ಮೇಷ್ಟ್ರು, ಗುಮಾಸ್ತರ ಬೀದಿಗೂ ಬಂತು.

ಮೂರ್ತಿ: ಆ ಕೆಂಪು ಗೆರೆ ಯಾಕೆ ಬೇಕಿತ್ತು?

ಪ್ರಸನ್ನ: ಗೊತ್ತಿರೋರಿಗೆ ಗೊತ್ತಾಗಲಿ ಅಂತ.

ಮೂರ್ತಿ: ಹಾಗಾದರೆ ಇದೂ ಶೋಕಿಯೇ ಕಣೋ, ಪ್ರೇಕ್ಷಕರನ್ನ ಆರಿಸಿಕೊಂಡ ಶೋಕಿ. ಎಲ್ಲರ ಕಣ್ಣಿಗೂ ಬೀಳಬಾರದು, ಸಿಗ್ನಲ್‌ನಲ್ಲಿ ಪಕ್ಕ ನಿಂತ ಒಬ್ಬ ಮಾತ್ರ ತಿರುಗಿ ನೋಡಿ ತಲೆ ಆಡಿಸಬೇಕು. ಇಡೀ ಊರು ಚಪ್ಪಾಳೆ ಹೊಡೆದರೂ ಸಿಗದ ತೃಪ್ತಿ ಆ ಒಂದು ತಲೆದೂಗಿನಲ್ಲಿ ಸಿಗುತ್ತೆ. ಬೈತಾ ಇಲ್ಲ ನಾನು. ಸಂಗೀತ ಕೇಳೋರಲ್ಲೂ ಇದು ಉಂಟು. ನನಗೂ ಉಂಟು. ಆದರೆ ಸರಳತೆ ಅಂತ ಹೆಸರಿಟ್ಟು ಮಾರಿಕೊಳ್ಳಬೇಡ.

ಪ್ರಸನ್ನ: ಸರಿ, ಒಪ್ಪಿದೆ. ಅದೊಂದು ಪಾಲು. ಉಳಿದದ್ದು ಓಡಿಸೋದು. ಸೊನ್ನೆಯಿಂದ ನೂರಕ್ಕೆ 5.9 ಸೆಕೆಂಡು!

ಮೂರ್ತಿ: ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ ಎಷ್ಟು?

ಪ್ರಸನ್ನ: ನೂರು.

ಮೂರ್ತಿ: ಅಂದರೆ 119 ಕಿಲೋಮೀಟರ್ ದಾರೀಲಿ ನಿನ್ನ ಸುಖ ಆರು ಸೆಕೆಂಡು. ಮಿಕ್ಕಿದ್ದೆಲ್ಲ ನನ್ನ ಆಲ್ಟೊ ಪಕ್ಕದಲ್ಲೇ ಬರಬೇಕು.

ನಾಗರಾಜು: (ನಗುತ್ತ) ಮೀರಿದರೆ ಕ್ಯಾಮೆರಾ ಇದೆ ಸಾರ್. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ಫೈನ್ ಅಲ್ಲ, ಎಫ್‌ಐಆರೇ ಹಾಕ್ತೀವಿ ಅಂತ ಪೊಲೀಸರು ಹೇಳಿದ್ದಾರೆ.

ಪ್ರಸನ್ನ: ಮಾವ, ಕಠೋಪನಿಷತ್ತಿನ ರಥ, ಕುದುರೆ, ಲಗಾಮು ಶುರುಮಾಡಬೇಡಿ ಈಗ.

ಮೂರ್ತಿ: ನೀನೇ ತೆಗೆದೆ. ಅದರಲ್ಲಿ ಕುದುರೆಯ ಬಲ ಕಮ್ಮಿ ಮಾಡಿಕೋ ಅಂತ ಎಲ್ಲೂ ಇಲ್ಲ, ನೆನಪಿರಲಿ. ಲಗಾಮು ಹಿಡಿಯೋ ಸಾರಥಿ ಸರಿ ಇದ್ದರೆ ಕುದುರೆ ಹೇಗಿದ್ದರೂ ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಬಳಸಲಾಗದ ಶಕ್ತಿಯನ್ನ ಅನುಭವಿಸೋದು ಅಂದರೆ ಏನು? ಅರಿಸ್ಟಾಟಲ್ ಸಾಮರ್ಥ್ಯ ಬೇರೆ, ಅದರ ಪ್ರಯೋಗ ಬೇರೆ ಅಂದ. ಸುಖವನ್ನ ಪ್ರಯೋಗದ ಕಡೆಗೆ ಇಟ್ಟ. ಮಲಗಿರುವವನಿಗೂ ಸದ್ಗುಣ ಇರಬಹುದು, ಅದರಿಂದ ಅವನು ಚೆನ್ನಾಗಿ ಬದುಕ್ತಿದ್ದಾನೆ ಅನ್ನೋಕಾಗಲ್ಲ. ನಿನ್ನ 265 ಕುದುರೆಗಳಲ್ಲಿ ಇನ್ನೂರು ಸದಾ ಮಲಗಿರ್ತಾವೆ.

ಪ್ರಸನ್ನ: ಅಲ್ಲೇ ನೀವು ತಪ್ಪೋದು. ಮಲಗಿದ್ದರೂ ಕೆಲಸ ಮಾಡ್ತಾವೆ. ಎದುರುಬದುರು ಗಾಡಿ ಬರೋ ಯಾವುದಾದರೂ ರಸ್ತೆಗೆ ಹೋಗಿ. ಮುಂದೆ ಮರಳು ಲಾರಿ. ನಿಮ್ಮ ಆಲ್ಟೊದಲ್ಲಿ ಓವರ್‌ಟೇಕ್ ಮಾಡೋಕೆ ರಸ್ತೆಯ ಬಲಭಾಗದಲ್ಲಿ ಎಷ್ಟು ಹೊತ್ತು ಇರಬೇಕು? ಇದರಲ್ಲಿ ಕಾಲಿಟ್ಟರೆ ಮುಗೀತು. ಶಕ್ತಿ ಇರೋದೇ ಒಂದು ಧೈರ್ಯ. ಬಳಸದೆ ಇದ್ದಾಗಲೂ ಅದು ಜತೆಗಿರುತ್ತೆ.

ಮೂರ್ತಿ: ಇದು ಒಳ್ಳೇ ವಾದ. ಒಪ್ಪಬೇಕು. ನಾಗರಾಜು, ನೀನು ಏನಂತೀಯ?

ನಾಗರಾಜು: ಮಾತು ನಿಜ ಸಾರ್, ಗಾಡಿ ಬಂದ ಮೊದಲ ತಿಂಗಳು. ಆಮೇಲೆ ಏನಾಗುತ್ತೆ ಅಂದರೆ, ಮುಂಚೆ ನುಗ್ಗದೆ ಇದ್ದ ಸಂದೀಲೂ ನುಗ್ಗೋಕೆ ಶುರುಮಾಡ್ತಾರೆ. ಗಾಡಿ ಎಳೆಯುತ್ತೆ ಅಂತ ಗೊತ್ತಲ್ಲ. ಎದುರಿನ ಬಸ್ಸು ಅಷ್ಟು ದೂರ ಇದ್ದರೆ ಕಾಯ್ತಿದ್ದೋರು ಈಗ ಇಷ್ಟು ದೂರಕ್ಕೆ ಹೊರಡ್ತಾರೆ. ಉಳಿದಿದ್ದ ಜಾಗವನ್ನೆಲ್ಲ ಧೈರ್ಯವೇ ತಿಂದುಹಾಕುತ್ತೆ. ನನ್ನ ಹತ್ತಿರ ಬರೋದು ಆ ಗಾಡಿಗಳು.

ಮೂರ್ತಿ: ಕೇಳಿದೆಯಾ? ಭೌತಶಾಸ್ತ್ರವೂ ನಿನ್ನ ಪರ ಇಲ್ಲ. ವೇಗ ನೂರರಿಂದ 130 ಆದರೆ ಮೂವತ್ತೇ ಹೆಚ್ಚಿತು ಅನಿಸುತ್ತೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರೋದು, ಶೇ 69 ಹೆಚ್ಚುತ್ತೆ. ಬ್ರೇಕ್ ಕರಗಿಸಬೇಕಾದ್ದೂ ಅಷ್ಟನ್ನೇ. ರಸ್ತೇಲಿ ನೀನೊಬ್ಬನೇ ಇಲ್ಲವಲ್ಲ. ಟಿವಿಎಸ್ ಮೇಲೆ ಹುಲ್ಲು ಹೊರೆ ಕಟ್ಟಿಕೊಂಡು ಅಡ್ಡ ಬರೋನು ನಿನ್ನ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿಲ್ಲ.

(ನಾಗರಾಜು ಗೋಡೆಗೆ ಒರಗಿಸಿದ್ದ ಒಂದು ಟೈರನ್ನು ಉರುಳಿಸಿಕೊಂಡು ತರುತ್ತಾನೆ. ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು.)

ನಾಗರಾಜು: ಇದನ್ನ ಮುಟ್ಟಿ ನೋಡಿ. ಗುಂಡಿಗೆ ಬಿದ್ದ ಟೈರು. ಒಳಗಿನ ದಾರ ಹರಿದಿದೆ, ಗಾಳಿ ರಬ್ಬರನ್ನ ಹೊರಗೆ ತಳ್ಳಿದೆ. ಪಂಕ್ಚರ್ ಹಾಕಿದ ಹಾಗೆ ಇದಕ್ಕೆ ರಿಪೇರಿ ಇಲ್ಲ, ಎಸೀಬೇಕು. ನಿಮ್ಮ ಗಾಲ್ಫ್‌ದು 225/40, 18 ಇಂಚು. ಅಂದರೆ ರಿಮ್ಮಿಗೂ ನೆಲಕ್ಕೂ ನಡುವೆ 90 ಮಿಲಿಮೀಟರ್ ರಬ್ಬರು. ಹುಣಸೂರು ರಸ್ತೇಲಿ ಮಳೆಗಾಲದ ಗುಂಡಿ ನೋಡಿದ್ದೀರಲ್ಲ? ಸಸ್ಪೆನ್ಷನ್ನೂ ಬಿಗಿ. ಅದು ಬಿಗಿ ಇದ್ದರೇ ತಿರುವಿನಲ್ಲಿ ಗಾಡಿ ವಾಲೋದಿಲ್ಲ, ಒಪ್ತೀನಿ. ಹಿಂದಿನ ಸೀಟಿನವರ ಸೊಂಟಕ್ಕೆ ಅದು ಗೊತ್ತಾಗಬೇಕಲ್ಲ. ಇನ್ನು ನಿಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಟರ್ಬೊ ಎಂಜಿನ್ನು, ಎರಡು ಕ್ಲಚ್ಚಿನ ಗೇರ್‌ಬಾಕ್ಸು ಇಂಚಿಂಚು ತೆವಳೋದು... ಹೇಳದಿದ್ದರೇ ವಾಸಿ.

ಪ್ರಸನ್ನ: ನೀವಿಬ್ಬರೂ ವೇಗ ವೇಗ ಅಂತ ಹಿಡಿದುಕೊಂಡಿದ್ದೀರಿ. ನನಗೆ ಬೇಕಾದ್ದು ಅದಲ್ಲ ಅನಿಸ್ತಿದೆ. ಹೇಗೆ ಹೇಳಲಿ... ಸಂಪಾಜೆ ಘಾಟಿ ಇಳೀತಿರ್ತೀವಿ, ವೇಗ ಐವತ್ತೂ ಇರಲ್ಲ. ತಿರುವಿಗೆ ಮುಂಚೆ ಬ್ರೇಕು, ಗೇರು ಇಳಿಸೋದು, ಸ್ಟೀರಿಂಗಿನಲ್ಲಿ ಮುಂದಿನ ಚಕ್ರದ ಹಿಡಿತ ಅಂಗೈಗೆ ಗೊತ್ತಾಗೋದು, ತಿರುವು ಬಿಚ್ಚಿಕೊಳ್ತಿದ್ದ ಹಾಗೇ ಕಾಲು ಒತ್ತೋದು. ಒಂದು ತಿರುವು ಸರಿಯಾಗಿ ಬಂದರೆ ಇಡೀ ವಾರದ ಮೀಟಿಂಗುಗಳೆಲ್ಲ ಮರೆತುಹೋಗುತ್ತೆ. ಆಫೀಸಿನಲ್ಲಿ ನಾನು ಮಾಡಿದ ಕೆಲಸ ಎಲ್ಲಿ ಹೋಯ್ತು ಅಂತ ಗೊತ್ತಾಗೋದಿಲ್ಲ ಮಾವ. ಇಲ್ಲಿ ಕೈ ತಿರುಗಿಸಿದ್ದಕ್ಕೆ ಆ ಕ್ಷಣವೇ ಉತ್ತರ ಬರುತ್ತೆ.

ಮೂರ್ತಿ: ಈಗ ನಿಜ ಹೇಳಿದೆ. ಇದಕ್ಕೆ ನನ್ನ ವಿರೋಧವೇ ಇಲ್ಲ. ಕೈಗೂ ಲೋಕಕ್ಕೂ ನಡುವೆ ಪರದೆ ಇಲ್ಲದ ಕೆಲಸ ಮನುಷ್ಯನಿಗೆ ಬೇಕೇಬೇಕು. ಆದರೆ ಐವತ್ತು ಕಿಲೋಮೀಟರ್ ವೇಗದ ಆ ಸುಖಕ್ಕೆ 265 ಯಾಕೆ?

ಪ್ರಸನ್ನ: ...

ನಾಗರಾಜು: ಸಾರ್, ನಾನು ಹೇಳ್ತೀನಿ. 1976ರಲ್ಲಿ ಮಾರಿದ ಮೊದಲ ಜಿಟಿಐಗೆ 110 ಹಾರ್ಸ್‌ಪವರ್, ತೂಕ ಎಂಟುನೂರು ಕೆಜಿ ಚಿಲ್ಲರೆ. ಈಗಿನದು 1,400 ಕೆಜಿ ದಾಟಿದೆ. ತೂಕ ಏರಿದ ಹಾಗೆಲ್ಲ ಪವರ್ ಏರಿಸ್ತಾ ಬಂದರು. ಪವರ್ ಹೆಚ್ಚಾದರೆ ಮುಂದಿನ ಎರಡೇ ಚಕ್ರ ಎಳೀಬೇಕಲ್ಲ, ಸ್ಟೀರಿಂಗ್ ಪಕ್ಕಕ್ಕೆ ಜಗ್ಗುತ್ತೆ. ಅದನ್ನ ಹಿಡಿಯೋಕೆ ಮತ್ತೊಂದು ಎಲೆಕ್ಟ್ರಾನಿಕ್ಸು. ಸಣ್ಣ ಗಾಡಿ ಆದರೆ ಪೂರ್ತಿ ಒತ್ತಿದರೂ ಸ್ವಲ್ಪ ಹೊತ್ತು ಮಿತಿ ಒಳಗೇ ಇರ್ತೀರಿ. ದೊಡ್ಡದರಲ್ಲಿ ಒತ್ತಿದ ಕೂಡಲೇ ಕಾಲು ತೆಗೀಬೇಕು. ಐ20 ಎನ್ ಲೈನ್ ನೋಡಿ: ಒಂದು ಲೀಟರ್ ಟರ್ಬೊ, 120 ಹಾರ್ಸ್‌ಪವರ್, ಕೈಯಿಂದ ಹಾಕೋ ಆರು ಗೇರು. ನಾಲ್ಕು ಮೀಟರ್ ಒಳಗಿನ ಗಾಡಿ, 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿಯೂ ಶೇ 18ಕ್ಕೆ ಇಳಿದಿದೆ.

ಪ್ರಸನ್ನ: ಅದು ನಿಜವಾದ ಹಾಟ್ ಹ್ಯಾಚ್ ಅಲ್ಲ ನಾಗರಾಜಣ್ಣ. ಸ್ವಲ್ಪ ಖಾರ ಹಾಕಿದ ಮಾಮೂಲಿ ಗಾಡಿ. ನಿಜವಾದ್ದು ಹಿಂದೆ ನಮ್ಮ ದೇಶಕ್ಕೆ ಬಂದಾಗ ಹೆಚ್ಚು ಜನ ಕೊಳ್ಳಲಿಲ್ಲ. 2015ರಲ್ಲಿ ಅಬಾರ್ತ್ ಪುಂಟೊ ಬಂತು, 145 ಹಾರ್ಸ್‌ಪವರ್, ಹತ್ತು ಲಕ್ಷದ ಒಳಗೆ. ಎಲ್ಲರೂ ಹೊಗಳಿದರು, ಕೊಂಡೋರು ಕಮ್ಮಿ. 2016ರಲ್ಲಿ ಪೋಲೊ ಜಿಟಿಐ ಬಂತು, 26 ಲಕ್ಷ, 192 ಹಾರ್ಸ್‌ಪವರ್, ಎರಡೇ ಬಾಗಿಲು. ಆಮೇಲೆ ಬೆಲೆ ಇಳಿಸಬೇಕಾಯ್ತು. 2022ರಲ್ಲಿ ಪೋಲೊನೇ ನಿಂತುಹೋಯ್ತು. ಎಲೆಕ್ಟ್ರಿಕ್ ಬರ್ತಿದೆ. ಈಗ ತಗೊಳ್ಳದಿದ್ದರೆ ಇನ್ನು ಸಿಗೋದಿಲ್ಲ.

ಮೂರ್ತಿ: ಸಿಗೋದಿಲ್ಲ ಅನ್ನೋದು ಬೇಕು ಅನ್ನೋದಕ್ಕೆ ಕಾರಣ ಆಗೋದಿಲ್ಲ ಕಣೋ, ಆತುರಕ್ಕೆ ಕಾರಣ ಆಗಬಹುದು ಅಷ್ಟೆ.

ನಾಗರಾಜು: ಅಬಾರ್ತ್ ಅಂದಿರಲ್ಲ, ಆ ಕಂಪನಿ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾದವು. ಅಪರೂಪದ ಗಾಡಿಗೆ ಬಂಪರ್ ಒಡೆದರೆ ಯಾರೋ ಗುಜರಿಗೆ ಹಾಕಿರೋ ಅಂಥದೇ ಗಾಡೀನ ಹುಡುಕಬೇಕು. ನಿಮ್ಮ ಗಾಲ್ಫ್ ಪೂರ್ತಿ ಹೊರಗಿಂದ ಬರೋದು, ಅದೂ ಅಪರೂಪದ್ದೇ.

ಪ್ರಸನ್ನ: ಬ್ರಿಟನ್‌ನಲ್ಲಿ ಇನ್ನೊಂದು ಥರ ಆಯ್ತು. ಎಂಬತ್ತರ ದಶಕದಲ್ಲಿ ಬೀದಿಗೊಂದು ಹಾಟ್ ಹ್ಯಾಚ್ ಇತ್ತು. ಪುಂಡ ಹುಡುಗರು ಕದ್ದು ಓಡಿಸಿ ಗುದ್ದೋಕೆ ಶುರುಮಾಡಿದರು, ತೊಂಬತ್ತರ ಆರಂಭಕ್ಕೆ ಇನ್ಶೂರೆನ್ಸ್ ಗಗನಕ್ಕೇರಿತು, ಮಾರಾಟ ಬಿದ್ದುಹೋಯ್ತು. ಹೊರಗಿಂದ ನೋಡಿದರೆ ಸಾಧು ಅಂತ ಕಳ್ಳರೂ ಮೋಸಹೋಗಲಿಲ್ಲ.

ಮೂರ್ತಿ: ಅವರೂ ನಿನ್ನ ಗೊತ್ತಿರೋರ ಗುಂಪಿನವರೇ. ಸಾಲ ಎಷ್ಟು ಮಾಡ್ತೀಯ?

ಪ್ರಸನ್ನ: ಐವತ್ತು ಲಕ್ಷ. ಏಳು ವರ್ಷ. ಶೇ 9ರ ಲೆಕ್ಕದಲ್ಲಿ ತಿಂಗಳಿಗೆ 80 ಸಾವಿರ ಚಿಲ್ಲರೆ ಬರುತ್ತೆ.

ಮೂರ್ತಿ: ಏಳು ವರ್ಷ ಆ ಕೆಲಸ ಬಿಡೋ ಹಾಗಿಲ್ಲ ಅಂತಾಯ್ತು. ಯಾವ ಮೀಟಿಂಗುಗಳನ್ನ ಮರೆಯೋಕೆ ಕಾರು ಬೇಕೋ ಆ ಮೀಟಿಂಗುಗಳಿಗೇ ಕಾರು ನಿನ್ನನ್ನ ಕಟ್ಟಿಹಾಕುತ್ತೆ. ಕೈಯಲ್ಲಿ ಆ ದುಡ್ಡು ಸುಮ್ಮನೆ ಕೂತಿದ್ದರೆ ತಗೋ ಅಂತಿದ್ದೆ, ಖಂಡಿತ ಅಂತಿದ್ದೆ. ಮನುಷ್ಯ ಅಕ್ಕಿ ಬೇಳೆಗೇ ದುಡೀಬೇಕು ಅನ್ನೋ ಪೈಕಿ ಅಲ್ಲ ನಾನು.

ನಾಗರಾಜು: ಪ್ರಸನ್ನ, ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 120ರ ಗಾಡಿ ತಗೊಳ್ಳಿ. ಒಳ್ಳೇ ಟೈರು, ಒಳ್ಳೇ ಬ್ರೇಕ್ ಪ್ಯಾಡು ಹಾಕಿಸಿ. ಎಂಜಿನ್ ರೀಮ್ಯಾಪ್ ಮಾಡಿಸೋಕೆ ಹೋಗಬೇಡಿ, ವಾರಂಟಿ ಹೋಗುತ್ತೆ. ಜೋರಾಗಿ ಓಡಿಸಬೇಕು ಅನಿಸಿದರೆ ಕೊಯಮತ್ತೂರಿನಲ್ಲಿ ಕರಿ ಅನ್ನೋ ರೇಸ್ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇನ್ನೊಂದಿದೆ. ಟ್ರ್ಯಾಕ್ ಡೇ ಇದ್ದಾಗ ದುಡ್ಡು ಕಟ್ಟಿ ಒಂದು ದಿನ ಓಡಿಸಿ. ಅಲ್ಲಿ ಎದುರಿಂದ ಯಾರೂ ಬರಲ್ಲ. ನಿಮಗೆ ಎಷ್ಟು ಓಡಿಸೋಕೆ ಬರುತ್ತೆ ಅಂತಲೂ ಅಲ್ಲೇ ಗೊತ್ತಾಗುತ್ತೆ.

ಪ್ರಸನ್ನ: 120ರಲ್ಲಿ ಆ ಕೆಂಪು ಗೆರೆ ಇರಲ್ಲವಲ್ಲ.

ಮೂರ್ತಿ: ಇರೋದಿಲ್ಲ. ಆ ನಷ್ಟ ನಿಜವಾದ್ದೇ, ಅದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ.

ನಾಗರಾಜು: ಯಾವುದೇ ಆಗಲಿ, ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಅಮ್ಮನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಶೋರೂಮಿನವರು ತೋರಿಸೋ ನುಣುಪು ರಸ್ತೆ ಬಿಟ್ಟು, ನಿಮ್ಮ ಮನೆ ಬೀದೀಲೇ ಓಡಿಸಿ ನೋಡಿ. ಅಡ್ವಾನ್ಸ್ ಕೊಡೋದು ಆಮೇಲೆ.